ಒಂಬತ್ತನೆಯ ಪುಟದಿಂದ ಶುರು ಮಾಡಿರಿ

ಅಕ್ಕೋರೇ, ನಮಸ್ಕಾರ.

ಆರು ಖೂನಿಗಾರರನ್ನು ಜೈಲಿನಿಂದ ಹೊರಗೆ ಕರೆದೊಯ್ದು, ಹೊಲದ ದುಡಿಮೆಯಿಂದ ತಿದ್ದಲು ಹೊರಟ ಜೈಲರನ ಕಥೆಯ ಹಿಂದಿ ಚಿತ್ರ ‘ದೋ ಆಂಖೇ ಬಾರಹ ಹಾಥ್’ ಮೇಲೆ ನೀವು ಕಳಿಸಿದ ಒಂಬತ್ತು ಪುಟದ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಹಾಕಲಾರೆ. ಹಾಗಂತ ಮರಳಿ ಕಳಿಸಿ ಸುಮ್ಮನಿರಲೂ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದ ಪತ್ರ.

ಮೊದಲ ನಾಲ್ಕು ಪುಟಗಳಲ್ಲಿ ನಿರ್ದೇಶಕ ವಿ. ಶಾಂತಾರಾಮರು 1901ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ್ದು, ಚಿತ್ರ 1957ರಲ್ಲಿ ಬಂದದ್ದು, ರಾಷ್ಟ್ರಪತಿಗಳ ಚಿನ್ನದ ಪದಕ, ಮರುವರ್ಷ ಬರ್ಲಿನ್ನಿನಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ, ಎಲ್ಲವೂ ಇವೆ. ಒಂದೂ ತಪ್ಪಿಲ್ಲ. ಆದರೆ ಬರೆದವರು ಚಿತ್ರ ನೋಡಿದ್ದಾರೋ ಇಲ್ಲವೋ ಅನ್ನುವುದು ಅವುಗಳಿಂದ ತಿಳಿಯುವುದಿಲ್ಲ. ಮುಂದಿನ ನಾಲ್ಕು ಪುಟ ಬರೀ ಕಥೆ. ‘ಮನಮುಟ್ಟುವ’ ಅನ್ನುವ ಮಾತು ಹನ್ನೊಂದು ಸಲ ಬಂದಿದೆ. ಹನ್ನೊಂದನ್ನೂ ಹೊಡೆದುಹಾಕಿರಿ. ಮುಟ್ಟಿದ್ದು ಯಾವ ದೃಶ್ಯ, ಯಾಕೆ ಮುಟ್ಟಿತು, ಅದನ್ನು ಬರೆದರೆ ಆ ಪದವೇ ಬೇಕಾಗುವುದಿಲ್ಲ.

ಒಂಬತ್ತನೆಯ ಪುಟದ ಕೆಳತುದಿಯಲ್ಲಿ, ಜಾಗ ಮುಗಿಯುವ ಹೊತ್ತಿಗೆ, ಒಂದು ಸಾಲು ಬರೆದಿದ್ದೀರಿ. ಮಹಾರಾಷ್ಟ್ರದ ಆಟಪಾಡಿಗೆ ಹೋಗುವ ಎಸ್‌ಟಿ (ಸರ್ಕಾರಿ) ಬಸ್ಸಿನ ಕಿಟಕಿಯಿಂದ ನಿಮ್ಮ ತಂದೆ ಕೈ ತೋರಿಸಿ, “ಅಲ್ಲಿ ನೋಡವ್ವಾ, ಖೂನಿ ಮಾಡಿದವ್ರು ಬೀಗ ಇಲ್ದ ಮನ್ಯಾಗ ಮಲಗ್ತಾರ” ಅಂದದ್ದು. ಅದನ್ನು ಓದಿ ನಾನು ಪುಟ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ನಿಮ್ಮ ಲೇಖನ ಇರುವುದು ಅಲ್ಲಿ.

ಆ ಮನೆಗಳಿರುವ ಊರು ಸ್ವತಂತ್ರಪುರ, ಈ ಚಿತ್ರದ ಕಥೆಗೆ ಮೂಲ ಅದೇ; ಸಾಂಗ್ಲಿ ಜಿಲ್ಲೆಯ ಜತ್ತದವರಿಗೆ ಅದು ದೂರದ ಊರಲ್ಲ. ಔಂಧ್ ಸಂಸ್ಥಾನದ ರಾಜರು, ಬಾಳಾಸಾಹೇಬ ಪಂತ ಪ್ರತಿನಿಧಿಗಳು, ಆಟಪಾಡಿಯ ಹತ್ತಿರ ಕಟ್ಟಿಸಿದ, ಕೈದಿಗಳನ್ನು ಬೀಗ ಹಾಕಿ ಕೂಡಿಡದ ಬಯಲು ಜೈಲು ಅದು. ಅದರ ಹಿಂದೆ ಮಾರಿಸ್ ಫ್ರೀಡ್‌ಮನ್ ಎಂಬ ಪೋಲೆಂಡಿನ ಎಂಜಿನಿಯರ್ ಇದ್ದರು. ಅವರು ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಇವತ್ತು ವಿಜಯಪುರ ಜಿಲ್ಲೆಯಲ್ಲಿರುವ ಗುಣದಾಳ ಕೂಡ ಆಗ ಇದೇ ಔಂಧಿಗೆ ಸೇರಿತ್ತು. ಚಿತ್ರಕ್ಕೆ ಕಥೆ ಬರೆದ ಗ. ದಿ. ಮಾಡಗೂಳಕರರು ಆಟಪಾಡಿ ಸೀಮೆಯ ಶೇಟಫಳೆಯವರು. ಇಷ್ಟೆಲ್ಲ ನಿಮ್ಮ ಅಂಗಳದಲ್ಲೇ ಬಿದ್ದಿರುವಾಗ ನೀವು ಬರ್ಲಿನ್ನಿನಿಂದ ಶುರು ಮಾಡಿದ್ದೀರಿ.

ಇನ್ನು ಚಿತ್ರದ ಮಾತು. ನೀವು ಅದರಲ್ಲಿ ಒಂದು ಕೊರತೆಯನ್ನೂ ಹೇಳಿಲ್ಲ. ಹಿರಿಯರ ಕೆಲಸದಲ್ಲಿ ತಪ್ಪು ತೆಗೆಯಬಾರದು ಅನ್ನುವ ಸಂಕೋಚ ಇರಬಹುದು, ಅದು ನನಗೆ ಅರ್ಥವಾಗುತ್ತದೆ. ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಜತ್ತದ ಯಲ್ಲಮ್ಮನ ಜಾತ್ರೆಯ ತಂಬು ಟಾಕೀಸಿನಲ್ಲಿ, ಅವ್ವನ ತೊಡೆಯ ಮೇಲೆ ಕೂತು. ಆ ಕಣ್ಣುಗಳಿಗೆ ಹೆದರಿ ರಾತ್ರಿ ನಿದ್ದೆ ಬರಲಿಲ್ಲ. ಜೈಲರ್ ಆದಿನಾಥನ ಕೈಯಲ್ಲಿ ಬಂದೂಕಿಲ್ಲ, ಬೇಡಿಯಿಲ್ಲ. ಆರು ಖೂನಿಗಾರರ ಹನ್ನೆರಡು ಕೈಗಳನ್ನು ಅವನು ಹಿಡಿದಿಟ್ಟದ್ದು ಎರಡು ಕಣ್ಣುಗಳಿಂದ. ಇದನ್ನು ಮಾತಿಲ್ಲದೆ, ಕಪ್ಪು ಬಿಳುಪಿನಲ್ಲಿ, ಕೂಸಿಗೂ ತಿಳಿಯುವ ಹಾಗೆ ತೋರಿಸಿದ್ದು ಶಾಂತಾರಾಮರ ದೊಡ್ಡ ಶಕ್ತಿ.

ದೊಡ್ಡವನಾಗಿ ಮತ್ತೆ ನೋಡಿದಾಗ ಅದೇ ಕಣ್ಣು ನನಗೆ ಚುಚ್ಚಿತು. ಯಾರೋ ನೋಡುತ್ತಿದ್ದಾರೆ ಅನ್ನುವ ಕಾರಣಕ್ಕೆ ಒಳ್ಳೆಯವನಾದವನು ಬಿಡುಗಡೆಯಾದನೋ, ಗೋಡೆ ಬದಲಾಯಿತೋ? ಕೊನೆಗೆ ಗೂಳಿಗಳಿಂದ ಬೆಳೆ ಉಳಿಸಲು ಹೋಗಿ ಆದಿನಾಥ ಸಾಯುತ್ತಾನೆ. ನಾವೆಲ್ಲ ಅಳುತ್ತೇವೆ. ಅವನಿಲ್ಲದ ಮರುದಿನ ಬೆಳಿಗ್ಗೆ ಆ ಆರು ಮಂದಿ ಹೇಗೆ ಎದ್ದು ಕೂಳೆ ಕಿತ್ತರು, ಯಾರು ಮೊದಲು ಮಾತಾಡಿದರು, ಅಲ್ಲಿ ಚಿತ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಆರು ಮಂದಿಯಲ್ಲಿ ಒಬ್ಬೊಬ್ಬನನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುವುದೂ ಕಷ್ಟ. ಸ್ವತಂತ್ರಪುರದಲ್ಲಿ ಕೈದಿಗಳು ಹೆಂಡತಿ ಮಕ್ಕಳ ಜೊತೆ ಸಂಸಾರ ಮಾಡಿಕೊಂಡಿರಬಹುದಿತ್ತು. ಚಿತ್ರದಲ್ಲಿ ಆ ಸಂಸಾರ ಅಂಚಿಗೆ ಸರಿದು, ಆಟಿಕೆ ಮಾರುವ ಚಂಪಾಳ ಹಾಡು ಕುಣಿತ ನಡುವೆ ಬಂದು ನಿಂತಿವೆ. ಚಂಪಾ ಆಗಿ ಸಂಧ್ಯಾ ಅವರು ತಮ್ಮ ಪಾಲಿನದನ್ನು ಚೆಂದವಾಗಿಯೇ ಮಾಡಿದ್ದಾರೆ. ಆದರೂ ಗಂಡ ಜೈಲಿನಲ್ಲಿರುವ ಹೆಂಗಸು ಏನು ಪಾಡು ಪಡುತ್ತಾಳೆ ಅನ್ನುವುದಕ್ಕೆ ಅದು ಬದಲಿಯಾಗುವುದಿಲ್ಲ.

ಸಂತೆಯ ಭಾಗವನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಬೇಸರವಾಯಿತು. ಕೈದಿಗಳು ಬೆಳೆದ ಕಾಯಿಪಲ್ಲೆಯನ್ನು ಕಡಿಮೆ ದರಕ್ಕೆ ಮಾರುತ್ತಾರೆ, ದೊಡ್ಡ ವ್ಯಾಪಾರಿ ಹಗೆ ಕಟ್ಟುತ್ತಾನೆ. ನಮ್ಮವ್ವ ಮೂವತ್ತು ವರ್ಷ ಸಂತೆಯಲ್ಲಿ ಬದನೆಕಾಯಿ ಮಾರಿದವಳು. ದಲಾಲನಿಗಿಂತ ಎಂಟಾಣೆ ಕಡಿಮೆ ಹೇಳಿದ ದಿನ ಅವಳ ಬುಟ್ಟಿ ಇಡಲು ಜಾಗವೇ ಇರುತ್ತಿರಲಿಲ್ಲ. ಖೂನಿಗಾರರ ಕಥೆಯಲ್ಲಿ ಕೇಡು ಬರುವುದು ತಕ್ಕಡಿ ಹಿಡಿದವನಿಂದ ಅನ್ನುವುದು ಈ ಚಿತ್ರ ಕಂಡುಕೊಂಡ ಗಟ್ಟಿ ಸತ್ಯ. ಆ ವ್ಯಾಪಾರಿಯನ್ನು ಬರೀ ದುಷ್ಟನನ್ನಾಗಿ ಮಾಡಿದ್ದು ಅದರ ಸೋಲು. ದಾಳಿಂಬೆಯ ದರ ಬಿದ್ದಾಗ ಯಾರ ಮನೆಯಲ್ಲಿ ಒಲೆ ಹತ್ತುವುದಿಲ್ಲ ಅನ್ನುವುದನ್ನು ನಿಮ್ಮ ಶಾಲೆಯ ಮಕ್ಕಳ ಮುಖ ನೋಡಿಯೇ ಬಲ್ಲವರು ನೀವು. ಇದರ ಬಗ್ಗೆ ನೀವು ಎರಡು ಪುಟ ಬರೆಯಬೇಕು.

ನೀರಿನ ಪ್ರಶ್ನೆಯನ್ನೂ ಕೇಳಿರಿ. ಚಿತ್ರದಲ್ಲಿ ಮೋಡ ಹಾಡಿನ ಜೊತೆ ಬರುತ್ತದೆ. ಆಟಪಾಡಿ ಸುತ್ತಲಿನ ಮಾಣದೇಶದ ಕಲ್ಲುನೆಲದಲ್ಲಿ ನೀರಿನ ಟ್ಯಾಂಕರ್ ದಾರಿ ಕಾದವರಿಗೆ ಆ ಹಾಡು ಹೇಗೆ ಕೇಳಿಸುತ್ತದೆ? ಗೂಳಿಯ ಜೊತೆಗಿನ ದೃಶ್ಯದ ಚಿತ್ರೀಕರಣದಲ್ಲಿ, ಆದಿನಾಥನ ಪಾತ್ರವನ್ನೂ ತಾವೇ ಮಾಡಿದ ಶಾಂತಾರಾಮರ ಕಣ್ಣಿಗೇ ಪೆಟ್ಟಾದ ಸಂಗತಿಯನ್ನು ‘ವಿಶೇಷ ಮಾಹಿತಿ’ ಅಂತ ಬೇರೆ ಚೌಕಟ್ಟಿನಲ್ಲಿ ಹಾಕಿದ್ದೀರಿ. ಚೌಕಟ್ಟು ತೆಗೆದು ಆ ದೃಶ್ಯದ ಮಾತು ಬರುವಲ್ಲಿ ಒಂದೇ ಸಾಲಿನಲ್ಲಿ ಸೇರಿಸಿರಿ.

‘ಏ ಮಾಲಿಕ್’ ಹಾಡಿನ ಸಾಹಿತ್ಯ ಪೂರ್ತಿ ಬೇಡ. ಬರೆದ ಭರತ್ ವ್ಯಾಸ್, ಸಂಗೀತ ಕೊಟ್ಟ ವಸಂತ ದೇಸಾಯಿ, ಹಾಡಿದ ಲತಾ, ಈ ಮೂರು ಹೆಸರು ಸಾಕು. ನಿಮ್ಮ ಶಾಲೆಯಲ್ಲಿ ಅದನ್ನು ಪ್ರಾರ್ಥನೆಯಾಗಿ ಹಾಡಿಸುತ್ತೀರಿ ಅಂತ ಬರೆದಿದ್ದೀರಿ, ಅದನ್ನು ಹಾಗೇ ಉಳಿಸಿರಿ.

ಒಂದು ರವಿವಾರ ಸ್ವತಂತ್ರಪುರದ ಕಡೆ ಹೋಗಿ ಬರ್ರಿ. ಒಳಗೆ ಬಿಡದಿದ್ದರೂ ರಸ್ತೆಯ ಮೇಲೆ ನಿಂತು ಏನು ಕಾಣುತ್ತದೋ ಅದನ್ನು ಬರೆದುಕೊಳ್ಳಿರಿ. ತಂದೆಯವರು ಬರುವ ಹಾಗಿದ್ದರೆ ಅವರನ್ನೂ ಕರೆದುಕೊಂಡು ಹೋಗಿರಿ, ಆ ದಿನ ಬಸ್ಸಿನಲ್ಲಿ ಇನ್ನೇನು ಹೇಳಿದ್ದರು ಕೇಳಿರಿ. ಐದು ಪುಟಕ್ಕೆ ಮೀರದಂತೆ, ದೀಪಾವಳಿ ಸಂಚಿಕೆಗೆ ಕಳಿಸಿರಿ. ಜಾಗ ತೆಗೆದಿಡುತ್ತೇನೆ.

ನಿಮ್ಮ,
ಸಂಪಾದಕ