ಹೈಸ್ಕೂಲ್ ಕುಸ್ತಿಯಲ್ಲಿ ಚಿಕ್ಕ ಶಾಲೆಗೊಂದು, ದೊಡ್ಡ ಶಾಲೆಗೊಂದು ಚಾಂಪಿಯನ್‌ಶಿಪ್ ಬೇಕಾ?

ನೀವು ಕೇಳಿದ್ದು ಇಷ್ಟು. ಈಗ ಪೆನ್ಸಿಲ್ವೇನಿಯಾದಲ್ಲಿದ್ದೀರಿ. ಅಲ್ಲಿ ಹೈಸ್ಕೂಲ್ ಹುಡುಗರ ಕುಸ್ತಿಯಲ್ಲಿ ಒಂದೊಂದು ತೂಕಕ್ಕೂ ಇಬ್ಬರು ರಾಜ್ಯ ಚಾಂಪಿಯನ್‌ಗಳು, ಚಿಕ್ಕ ಶಾಲೆಗಳಿಗೆ ಒಬ್ಬ, ದೊಡ್ಡ ಶಾಲೆಗಳಿಗೆ ಒಬ್ಬ. ಕೆಲಸದ ಮೇಲೆ ನ್ಯೂಜೆರ್ಸಿಗೆ ಬರುವವರಿದ್ದೀರಿ, ಇಲ್ಲಿ ಒಬ್ಬನೇ. ಮಗ ಎಂಟನೇ ಕ್ಲಾಸು. ಯಾವುದು ನ್ಯಾಯ? ಚಿಕ್ಕ ಶಾಲೆ ಇರುವ ಊರಲ್ಲಿ ಮನೆ ಮಾಡಿದರೆ ಅವನಿಗೆ ನಷ್ಟವಾ?

ನಾನು ಕೋಚ್ ಅಲ್ಲ. ನ್ಯೂಜೆರ್ಸಿಯ ಒಂದು ಚಿಕ್ಕ ಸರ್ಕಾರಿ ಹೈಸ್ಕೂಲಿನ ಜಿಮ್‌ನಲ್ಲಿ ನಾಲ್ಕು ಚಳಿಗಾಲ ಕೂತು, ಕಿರುಚಿ, ಗಂಟಲು ಕೆಡಿಸಿಕೊಂಡ ತಾಯಿ. ನನ್ನ ಉತ್ತರ: ತಂಡದ ಚಾಂಪಿಯನ್‌ಶಿಪ್ ಭಾಗ ಮಾಡಲೇಬೇಕು. ಒಬ್ಬೊಬ್ಬ ಹುಡುಗನ ಚಾಂಪಿಯನ್‌ಶಿಪ್ ಭಾಗ ಮಾಡಬಾರದು. ನ್ಯೂಜೆರ್ಸಿಯಲ್ಲಿ ಇರುವುದೂ ಇದೇ ಪದ್ಧತಿ. ಹಾಗಂತ ನಾನು ಮೊದಲಿಂದ ಇದೇ ಮಾತು ಹೇಳುತ್ತಿದ್ದೆ ಅಂದುಕೊಳ್ಳಬೇಡಿ.

ಮೊದಲು ತಂಡದ ಲೆಕ್ಕ ನೋಡಿ. ಡ್ಯುಯಲ್ ಮೀಟ್ ಅಂದರೆ ಎರಡು ಶಾಲೆಗಳ ನಡುವಿನ ಪಂದ್ಯ. ಇಲ್ಲಿ ಹುಡುಗರಿಗೆ 106 ಪೌಂಡಿನಿಂದ 285 ಪೌಂಡಿನವರೆಗೆ 14 ತೂಕ, 14 ಕುಸ್ತಿ. ಪಾಯಿಂಟ್ ಮೇಲೆ ಸಾಧಾರಣವಾಗಿ ಗೆದ್ದರೆ ತಂಡಕ್ಕೆ 3, ದೊಡ್ಡ ಅಂತರದಲ್ಲಿ ಗೆದ್ದರೆ 4 ಅಥವಾ 5. ಎದುರಾಳಿಯ ಎರಡೂ ಭುಜ ಎರಡು ಸೆಕೆಂಡ್ ಮ್ಯಾಟಿಗೆ ಒತ್ತಿ ಹಿಡಿದರೆ ಪಿನ್, ನಮ್ಮ ಕಡೆ ಚಿತ್ ಅಂತೀವಲ್ಲ, ಅದಕ್ಕೆ 6. ಆ ತೂಕದಲ್ಲಿ ನಿಮ್ಮ ಹುಡುಗನೇ ಇಲ್ಲವಾ? ಆಗಲೂ ಎದುರಿನವರಿಗೆ 6. ಇದಕ್ಕೆ ಫಾರ್ಫಿಟ್ ಅಂತಾರೆ.

ಮಗ ಎರಡನೇ ವರ್ಷದಲ್ಲಿದ್ದಾಗಿನ ಒಂದು ಬುಧವಾರ ನನಗೆ ಇನ್ನೂ ಮರೆತಿಲ್ಲ. ನಮ್ಮ ತಂಡದಲ್ಲಿ ಹತ್ತೇ ಹುಡುಗರು. 113, 190, 215, 285 ಖಾಲಿ. ಆ ನಾಲ್ಕು ತೂಕ ಬಂದಾಗಲೆಲ್ಲ ಎದುರಿನ ಶಾಲೆಯ ಹುಡುಗ ಸುಮ್ನೆ ಎದ್ದು ಮ್ಯಾಟಿನ ಮಧ್ಯಕ್ಕೆ ಬರುತ್ತಿದ್ದ. ರೆಫ್ರಿ ಅವನ ಕೈ ಎತ್ತುತ್ತಿದ್ದರು. ಅವನು ವಾಪಸ್ ಹೋಗಿ ಕೂರುತ್ತಿದ್ದ. ಒಬ್ಬನಂತೂ ತಲೆಗೆ ಹೆಡ್‌ಗಿಯರ್ ಕೂಡ ಹಾಕಿರಲಿಲ್ಲ. ಹೀಗೆ 24 ಪಾಯಿಂಟ್ ಹೋಯಿತು. ನಿಜವಾಗಿ ನಡೆದ ಹತ್ತು ಕುಸ್ತಿಯಲ್ಲಿ ನಮ್ಮವರು ಆರು ಗೆದ್ದರು, ಅದರಲ್ಲಿ ಎರಡು ಪಿನ್. ಆಡಿದ್ದರ ಲೆಕ್ಕ 24-15, ನಮ್ಮದೇ ಮೇಲುಗೈ. ಬೋರ್ಡಿನಲ್ಲಿ ಕಂಡಿದ್ದು 39-24, ಸೋಲು. ಎರಡು ಸಾವಿರ ಮಕ್ಕಳಿರುವ ಶಾಲೆಗೆ 285 ಪೌಂಡಿನ ಒಬ್ಬ ಹುಡುಗ ಎಲ್ಲಾದರೂ ಸಿಗುತ್ತಾನೆ. ನಾನೂರು ಮಕ್ಕಳ ಶಾಲೆಯಲ್ಲಿ ಅವನನ್ನು ಎಲ್ಲಿಂದ ತರುತ್ತೀರಿ? ಇದ್ದರೂ ಅವನು ಬ್ಯಾಂಡಿನಲ್ಲಿ ಟ್ಯೂಬಾ ಊದುತ್ತಿರುತ್ತಾನೆ.

ಊರಲ್ಲಿ ಖೋ-ಖೋ ಆಡಿದ ನನಗೆ ಈ ಕಷ್ಟ ಹೊಸದಲ್ಲ. ಹರಿಹರದ ಹತ್ತಿರದ ಹಳ್ಳಿ ಶಾಲೆ ನಮ್ಮದು. ಹನ್ನೆರಡು ಹುಡುಗಿಯರನ್ನು ಸೇರಿಸುವಷ್ಟರಲ್ಲಿ ಮೇಷ್ಟ್ರಿಗೆ ಸಾಕುಸಾಕಾಗುತ್ತಿತ್ತು. ತಾಲೂಕು ಮಟ್ಟಕ್ಕೆ ಹೋದರೆ ಪೇಟೆ ಶಾಲೆಯವರು ಬೆಂಚಿನ ಮೇಲೆ ಕೂರಿಸಿದ ಹುಡುಗಿಯರೇ ನಮಗಿಂತ ಚೆನ್ನಾಗಿ ಓಡುವವರು. ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು ಅಂತ ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಅಮೆರಿಕದಲ್ಲಿ ಈ ಜಗಳ ಹಳೆಯದು. ಇಂಡಿಯಾನಾದಲ್ಲಿ 1954ರಲ್ಲಿ 161 ಮಕ್ಕಳಿದ್ದ ಮೈಲನ್ ಅನ್ನುವ ಊರಿನ ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ತನಗಿಂತ ಹತ್ತು ಪಟ್ಟು ದೊಡ್ಡ ಮನ್ಸಿ ಸೆಂಟ್ರಲ್ ಶಾಲೆಯನ್ನು 32-30ರಲ್ಲಿ ಸೋಲಿಸಿತು. ಕೊನೆಯ ಬುಟ್ಟಿ ಹಾಕಿದ್ದು ಬಾಬಿ ಪ್ಲಂಪ್. ಆ ಒಂದು ಗೆಲುವನ್ನು ಹೇಳಿಕೊಂಡು 43 ವರ್ಷ ಎಲ್ಲ ಶಾಲೆಗೂ ಒಂದೇ ಟೂರ್ನಿ ನಡೆಸಿದರು. 1997ರ ನಂತರ ಅಲ್ಲೂ ಗಾತ್ರದ ಪ್ರಕಾರ ಭಾಗವಾಯಿತು. ಜನ ಈಗಲೂ ಗೊಣಗುತ್ತಾರೆ. ಆದರೆ ಮೈಲನ್ ಕಥೆ ಇಷ್ಟು ಫೇಮಸ್ ಆಗಿದ್ದು ಯಾಕೆ ಹೇಳಿ? ಅಂಥದ್ದು ಅಪರೂಪ ಅಂತ ತಾನೇ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇರೆ: ಬ್ಯಾಸ್ಕೆಟ್‌ಬಾಲ್ ಭಾಗ ಮಾಡಿದ ಅದೇ ಇಂಡಿಯಾನಾ, ಕುಸ್ತಿಯ ಹುಡುಗರನ್ನು ಇಂದಿಗೂ ಒಂದೇ ಟೂರ್ನಿಯಲ್ಲಿ ಆಡಿಸುತ್ತದೆ. ಕ್ಯಾಲಿಫೋರ್ನಿಯಾ ಕೂಡ ಹಾಗೇ. ಅಷ್ಟು ದೊಡ್ಡ ರಾಜ್ಯ, ಒಂದು ತೂಕಕ್ಕೆ ಒಬ್ಬನೇ ಚಾಂಪಿಯನ್.

ಯಾಕೆಂದರೆ ಒಬ್ಬನ ಎದುರು ಒಬ್ಬ ನಿಂತಾಗ ಲೆಕ್ಕವೇ ಬೇರೆ. 126 ಪೌಂಡಿನ ಹುಡುಗನ ಎದುರು ನಿಲ್ಲುವವನೂ 126 ಪೌಂಡೇ. ಶಾಲೆಯ ಉಳಿದ ಎರಡು ಸಾವಿರ ಮಕ್ಕಳು ಮ್ಯಾಟಿನ ಮೇಲೆ ಬರುವುದಿಲ್ಲ. ತೂಕದ ವಿಭಾಗ ಇರುವುದೇ ಇದಕ್ಕಲ್ವಾ? ನ್ಯೂಜೆರ್ಸಿಯಲ್ಲಿ ಮೊದಲು ಡಿಸ್ಟ್ರಿಕ್ಟ್, ಅಲ್ಲಿ ಗೆದ್ದರೆ ರೀಜನ್, ಅಲ್ಲೂ ದಾಟಿದರೆ ಮಾರ್ಚ್ ಹೊತ್ತಿಗೆ ಸಮುದ್ರದ ದಂಡೆಯ ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ ಹಾಲ್. ನಮ್ಮ ತಾಲೂಕು, ಜಿಲ್ಲೆ, ರಾಜ್ಯ ಮಟ್ಟದ ಹಾಗೇ. ತಂಡಗಳಿಗೆ ಮಾತ್ರ ಸರ್ಕಾರಿ ಶಾಲೆಗಳಲ್ಲಿ ಗಾತ್ರದ ಮೇಲೆ ಗ್ರೂಪ್ 1ರಿಂದ 5, ಖಾಸಗಿ ಶಾಲೆಗಳಿಗೆ ಬೇರೆ ಎರಡು ಗುಂಪು. ನಿಮ್ಮ ಪೆನ್ಸಿಲ್ವೇನಿಯಾದಲ್ಲಿ ಹರ್ಷಿ ಅನ್ನುವ ಊರಿನ ಒಂದೇ ಅಂಗಳದಲ್ಲಿ ಚಿಕ್ಕ ಶಾಲೆಗಳಿಗೆ ಡಬಲ್ ಎ, ದೊಡ್ಡವಕ್ಕೆ ಟ್ರಿಪಲ್ ಎ ಅಂತ ಎರಡೂ ನಡೆಯುತ್ತವೆ. ಮಿಷಿಗನ್‌ನಲ್ಲಿ ನಾಲ್ಕು ವಿಭಾಗ. ಅಂದರೆ ಒಂದೇ ತೂಕದಲ್ಲಿ ನಾಲ್ಕು ಜನ 'ನಾನೇ ರಾಜ್ಯಕ್ಕೆ ಮೊದಲು' ಅಂತ ಪದಕ ಹಾಕಿಕೊಂಡು ಮನೆಗೆ ಹೋಗುತ್ತಾರೆ.

ಚಿಕ್ಕ ಶಾಲೆಯ ಹುಡುಗ ಅಂದರೆ ಕಡಿಮೆ ಅಂತಲೂ ಅಲ್ಲ. ಓಹಾಯೋದಲ್ಲಿ ಮೂರು ವಿಭಾಗ. ಮನ್ರೋವಿಲ್ ಅನ್ನುವ ಹಳ್ಳಿಯಂಥ ಊರಿನ ಲೋಗನ್ ಸ್ಟೀಬರ್ ಎಲ್ಲಕ್ಕಿಂತ ಚಿಕ್ಕ ಶಾಲೆಗಳ ವಿಭಾಗದಲ್ಲಿ ನಾಲ್ಕು ಸಲ ಚಾಂಪಿಯನ್. ಆಮೇಲೆ ಓಹಾಯೋ ಸ್ಟೇಟ್ ಯೂನಿವರ್ಸಿಟಿಗೆ ಹೋಗಿ 2012ರಿಂದ 2015ರವರೆಗೆ ನಾಲ್ಕೂ ವರ್ಷ ದೇಶದ ಕಾಲೇಜು ಚಾಂಪಿಯನ್ ಆದ. 2016ರಲ್ಲಿ ವಿಶ್ವ ಚಾಂಪಿಯನ್. ಆ ನಾಲ್ಕು ವರ್ಷ ಓಹಾಯೋದ ದೊಡ್ಡ ಶಾಲೆಗಳ ಚಾಂಪಿಯನ್‌ಗಳು ರಾಜ್ಯ ಟೂರ್ನಿಯಲ್ಲಿ ಅವನ ಎದುರು ನಿಲ್ಲಲೇ ಇಲ್ಲ. ನಷ್ಟ ಯಾರಿಗೆ ಅಂತ ನೀವೇ ಯೋಚಿಸಿ.

ಇಷ್ಟು ಹೇಳಿದ ಮೇಲೆ ನನ್ನ ವಾದದ ತೂತನ್ನೂ ತೋರಿಸಬೇಕು. ಅದನ್ನು ಕಂಡುಹಿಡಿದದ್ದು ನಾನಲ್ಲ, ದಾವಣಗೆರೆಯಲ್ಲಿರುವ ನಮ್ಮಪ್ಪ. ವಯಸ್ಸಿನಲ್ಲಿ ಗರಡಿಗೆ ಹೋಗುತ್ತಿದ್ದವರು. ಮೊಮ್ಮಗ ಕುಸ್ತಿಗೆ ಸೇರಿದ ಅಂತ ಫೋನಿನಲ್ಲಿ ಹೇಳಿದಾಗ ಶಾಲೆ ಯಾವುದು, ಎಷ್ಟು ದೊಡ್ಡದು ಅಂತ ಒಂದು ಮಾತೂ ಕೇಳಲಿಲ್ಲ. "ತಾಲೀಮಿಗೆ ಅವನ ಜೋಡಿ ಯಾರಮ್ಮ?" ಅಂದರು.

ಜೋಡಿ ಇರಲಿಲ್ಲ. ಮೊದಲ ವರ್ಷ ಮಗ 106. ಅವನ ನಂತರದ ಹುಡುಗ 132. ಪ್ರತಿ ಸಂಜೆ ಎರಡು ಗಂಟೆ, 26 ಪೌಂಡ್ ಜಾಸ್ತಿ ಇರುವವನ ಕೆಳಗೆ ಸಿಕ್ಕಿಕೊಂಡು ಒದ್ದಾಡಿದ. ಭಾರ ತಡೆದುಕೊಳ್ಳುವುದನ್ನು ಚೆನ್ನಾಗಿ ಕಲಿತ. ಚುರುಕು ಕಲಿಯಲಿಲ್ಲ. 106ರ ಹುಡುಗರು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಕಾಲಿಗೆ ಬೀಳುತ್ತಾರೆ. ಆಶೀರ್ವಾದಕ್ಕಲ್ಲ, ಕೆಡವುವುದಕ್ಕೆ. ಆ ವರ್ಷ ಅವನು ಸೋತದ್ದೆಲ್ಲ ಹೆಚ್ಚುಕಮ್ಮಿ ಒಂದೇ ಥರ. ದೊಡ್ಡ ಶಾಲೆಯ ತಾಲೀಮು ರೂಮಿನಲ್ಲಿ ಅದೇ ತೂಕದವರು ಮೂರು ಜನ ಇರುತ್ತಾರೆ. ಒಬ್ಬರನ್ನೊಬ್ಬರು ತಿಕ್ಕಿ ತಿಕ್ಕಿ ಹರಿತ ಮಾಡಿರುತ್ತಾರೆ. ಅಂದರೆ ಶಾಲೆಯ ಗಾತ್ರ ಮ್ಯಾಟಿನ ಮೇಲೆ ಬರುವುದಿಲ್ಲ ಅಂತ ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಹಿಂಬಾಗಿಲಿನಿಂದ ಬರುತ್ತದೆ.

ಕೊನೆಯ ವರ್ಷ ರೀಜನ್‌ನಲ್ಲಿ ಇನ್ನೊಂದು ಕುಸ್ತಿ ಗೆದ್ದಿದ್ದರೆ ಅಟ್ಲಾಂಟಿಕ್ ಸಿಟಿಗೆ ಹೋಗುತ್ತಿದ್ದ. ಸೋತ. ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಸಂಕ್ರಾಂತಿ ದಿನ ತೂಕ ನೋಡುವುದಿದೆ ಅಂತ ಒಂದು ಚಿಟಿಕೆ ಎಳ್ಳುಬೆಲ್ಲವನ್ನೂ ಮುಟ್ಟದ ಹುಡುಗ, ಅವತ್ತು ರಾತ್ರಿ ಎರಡು ತಟ್ಟೆ ಚಿತ್ರಾನ್ನ ತಿಂದು ಮಲಗಿದ. ಚಿಕ್ಕ ಶಾಲೆಗಳಿಗೆ ಬೇರೆ ಟೂರ್ನಿ ಇದ್ದಿದ್ದರೆ ಇವನು ಆರಾಮಾಗಿ ಹೋಗುತ್ತಿದ್ದ ಅಂತ ನನಗೆ ಆ ರಾತ್ರಿ ಅನ್ನಿಸಲಿಲ್ಲ ಅಂದರೆ ಸುಳ್ಳು. ಒಂದು ವಾರ ಅದನ್ನೇ ವಾದಿಸಿದೆ. ಗಂಡ, ಪಕ್ಕದ ಮನೆಯವರು, ದೇವಸ್ಥಾನದಲ್ಲಿ ಸಿಕ್ಕವರು, ಯಾರನ್ನೂ ಬಿಡಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ನಾಲ್ಕು ವರ್ಷದಲ್ಲಿ ಅವನನ್ನು ಕೆಡವಿದವರು ಯಾರು? ದೊಡ್ಡ ಸರ್ಕಾರಿ ಶಾಲೆಯವರು ಕೆಲವರು, ಹೌದು. ಜಾಸ್ತಿ ಜನ ಖಾಸಗಿ ಶಾಲೆಯವರು. ಬರ್ಗನ್ ಕ್ಯಾಥೋಲಿಕ್, ಡೆಲ್ಬರ್ಟನ್ ಅಂಥ ಶಾಲೆಗಳ ಹೆಸರು ಇಲ್ಲಿ ಕುಸ್ತಿ ನೋಡುವವರಿಗೆಲ್ಲ ಗೊತ್ತು. ಸರ್ಕಾರಿ ಶಾಲೆಗೆ ಆ ಊರಿನ ಮಕ್ಕಳೇ ಬರಬೇಕು. ಖಾಸಗಿ ಶಾಲೆಗೆ ಫೀಸು ಕಟ್ಟಿ ಹತ್ತು ಊರಿನ ಮಕ್ಕಳು ಬರಬಹುದು. ತಲೆ ಎಣಿಸಿದರೆ ಅವು ದೊಡ್ಡವೇನೂ ಅಲ್ಲ. ಬರೀ ಗಾತ್ರದ ಮೇಲೆ ಭಾಗ ಮಾಡಿದರೆ ಅಂಥ ಶಾಲೆ ಎಷ್ಟೋ ಸಲ ಚಿಕ್ಕವರ ಪಕ್ಕದಲ್ಲೇ ಬಂದು ಕೂರುತ್ತದೆ. ಇನ್ನು ಡೆಲವೇರ್ ನದಿ ದಡದ ಪೌಲ್ಸ್‌ಬರೊ ಇದೆ. ಗ್ರೂಪ್ 1ರ ಚಿಕ್ಕ ಸರ್ಕಾರಿ ಶಾಲೆ, ಆದರೆ ಕುಸ್ತಿಯಲ್ಲಿ ಇಡೀ ರಾಜ್ಯಕ್ಕೆ ಹೆಸರುವಾಸಿ. ಅಲ್ಲಿ ಅಪ್ಪ ಆಡಿದ್ದ, ಮಾವ ಆಡಿದ್ದ, ಮಗ ನಡೆಯುವುದು ಕಲಿತ ಮೇಲೆ ಮ್ಯಾಟಿಗೇ ಬರುತ್ತಾನೆ. ಗಾತ್ರದ ಮೇಲೆ ಭಾಗ ಮಾಡಿದರೆ ನನ್ನ ಮಗನಿಗೆ ಸಿಗುತ್ತಿದ್ದದ್ದು ಇವರೇ.

ಜೋಡಿಯ ಸಮಸ್ಯೆಗೂ ಪರಿಹಾರ ಸಿಕ್ಕಿದ್ದು ವಿಭಾಗದಿಂದ ಅಲ್ಲ, ಕ್ಲಬ್ಬಿನಿಂದ. ಮೂರನೇ ವರ್ಷದಿಂದ ವಾರಕ್ಕೆ ಎರಡು ಸಂಜೆ 40 ನಿಮಿಷ ಕಾರು ಓಡಿಸಿ ಒಂದು ಕುಸ್ತಿ ಕ್ಲಬ್ಬಿಗೆ ಬಿಟ್ಟೆವು. ಅಲ್ಲಿ ಅವನ ತೂಕದವರೇ ಐದು ಜನ. ಎರಡೇ ತಿಂಗಳಲ್ಲಿ ಕಾಲಿನ ಚುರುಕು ಬಂತು. ಅದಕ್ಕೆ ದುಡ್ಡೂ ಬೇಕು, ಬಿಟ್ಟು ಕರೆತರುವವರೂ ಬೇಕು. ನಮ್ಮ ತಂಡದಲ್ಲಿ ಒಬ್ಬ ಹುಡುಗ ಇದ್ದ, ಅವನ ಅಮ್ಮ ರಾತ್ರಿ ಪಾಳಿ ಕೆಲಸದವರು. ನನ್ನ ಮಗನಿಗಿಂತ ಗಟ್ಟಿಗ. ನಮ್ಮ ಕಾರಿನಲ್ಲಿ ಜಾಗ ಇದ್ದ ದಿನ ಅವನೂ ಬರುತ್ತಿದ್ದ. ಅವನ ಕಷ್ಟ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನುವ ಪಟ್ಟಿಯಲ್ಲಿ ಕಾಣುವುದಿಲ್ಲ.

ಹುಡುಗಿಯರ ವಿಷಯ ಬೇರೆ. ಪೆನ್ಸಿಲ್ವೇನಿಯಾದಲ್ಲಿ ಅವರ ರಾಜ್ಯ ಟೂರ್ನಿ ಶುರುವಾಗಿದ್ದೇ 2024ರಲ್ಲಿ, ಅದೂ ಎಲ್ಲರಿಗೂ ಸೇರಿ ಒಂದೇ. ಆಡುವವರು ಇನ್ನೂ ಕಡಿಮೆ, ಈಗಲೇ ಭಾಗ ಮಾಡುವ ಮಾತು ಬೇಡ.

ಹಾಗಾದರೆ ಮನೆ ಎಲ್ಲಿ ಮಾಡಬೇಕು? ಶಾಲೆ ಯಾವ ಗ್ರೂಪು ಅಂತ ನೋಡಬೇಡಿ. ಡಿಸೆಂಬರಿನಲ್ಲಿ ಸೀಸನ್ ಶುರುವಾದ ಮೇಲೆ ಕೋಚ್‌ಗೆ ಒಂದು ಇಮೇಲ್ ಹಾಕಿ, ಒಂದು ಸಂಜೆ ಪ್ರಾಕ್ಟೀಸ್ ನೋಡಲು ಬರಬಹುದಾ ಅಂತ ಕೇಳಿ. ನಮ್ಮ ಕೋಚ್ ಅಂತೂ ಯಾರಿಗೂ ಬೇಡ ಅಂದಿಲ್ಲ. ಹೋದಾಗ ನಿಮ್ಮ ಮಗನ ತೂಕದ ಆಸುಪಾಸಿನವರು ಎಷ್ಟು ಜನ ಇದ್ದಾರೆ ಎಣಿಸಿ. ಇಬ್ಬರಿದ್ದರೆ ಸಾಕು. ಒಬ್ಬರೂ ಇಲ್ಲದಿದ್ದರೆ ಹತ್ತಿರದ ಕ್ಲಬ್ ಎಷ್ಟು ದೂರ, ಸಂಜೆ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತಾಗುತ್ತದೆ ಅಂತ ಒಂದು ಸಲ ಓಡಿಸಿ ನೋಡಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.