ಏಣಿ ಹಿಡದ್ರ ಕೈ ಜುಮ್ ಅಂತೈತಿ

ಪ್ರಶ್ನೆ: ಸರ್, ಹೊಲದ ಮನ್ಯಾಗ ಮೊಮ್ಮಕ್ಕಳ ಸಲವಾಗಿ ಸಣ್ಣದೊಂದು ಸ್ವಿಮ್ಮಿಂಗ್ ಪೂಲ್ ಕಟ್ಟಿಸೀವಿ. ಫಿಲ್ಟರ್ ಪಂಪ್ ಚಾಲೂ ಇದ್ದಾಗ ನೀರಾಗ ನಿಂತು ಸ್ಟೀಲ್ ಏಣಿ ಹಿಡದ್ರ ಕೈ ಜುಮ್ ಅಂತೈತಿ. ವಾಯರ್‌ಮನ್ನ ಕೇಳಿದ್ರ "ಅರ್ಥ್ ರಾಡ್ ಹೊಡದೀನ್ರಿ, ಏನೂ ಆಗಂಗಿಲ್ಲ" ಅಂತಾನ. ಖರೇ ಏನ್ರಿ?
— ಒಬ್ಬ ಓದುಗರು, ಅಣ್ಣಿಗೇರಿ

ಉತ್ತರ: ಮೊದಲ ಪಂಪಿನ ಮೇನ್ ಆಫ್ ಮಾಡ್ರಿ, ರಿಪೇರಿ ಆಗೂತನಕ ಹುಡುಗ್ರನ್ನ ನೀರಿಗೆ ಇಳಿಸಬ್ಯಾಡ್ರಿ, ಪಂಪ್ ಬಂದ್ ಐತೆಲ್ಲ ಅಂತನೂ ಇಳಿಸಬ್ಯಾಡ್ರಿ. ಒದ್ದಿ ಮೈಯಾಗ ಕರೆಂಟ್ ಸರಳ ಹರೀತೈತಿ, ಇವತ್ತ ಜುಮ್ ಅಂದದ್ದು ನಾಳೆ ಕೈಕಾಲು ಹಿಡದು ಬಿಟ್ರ ಈಜು ಬರಾಂವನೂ ಮುಳುಗ್ತಾನ.

ರಾಡ್ ಬೇಕ್ರಿ, ಆದ್ರ ಅದೊಂದ ಸಾಲಂಗಿಲ್ಲ. ನಿಮ್ಮ ಕಡೆ ಎರಿ ಮಣ್ಣು, ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಿರಕು ಬಿಡ್ತೈತಿ, ರಾಡಿಗೆ ಮಣ್ಣು ಹತ್ತಂಗ ಇಲ್ಲ ಅಂದ್ರ ರೆಸಿಸ್ಟೆನ್ಸ್ (ಕರೆಂಟಿಗೆ ಆಗೂ ತಡೆ) ಏರತೈತಿ. ಲೆಕ್ಕ ಹಾಕ್ರಿ, ಪಂಪಿನೊಳಗ ಲೈವ್ ವಾಯರ್ ಬಾಡಿಗೆ ತಾಗೇತಿ, ಆ ರೆಸಿಸ್ಟೆನ್ಸ್ 20 ಓಮ್ ಐತಿ ಅಂದ್ರ 230 ವೋಲ್ಟಿಗೆ 11.5 ಆಂಪಿಯರ್ ಹರಿಯೂದು, 16 ಆಂಪಿಯರ್ ಎಂಸಿಬಿ (ಕರೆಂಟ್ ಹೆಚ್ಚಾದ್ರ ತಾನ ಬೀಳೂ ಸ್ವಿಚ್ಚು) ಬೀಳೂದ ಇಲ್ಲ, ಪಂಪಿನ ಬಾಡಿ ಹಂಗ ಲೈವ್ ಆಗಿ ಕುಂದರತೈತಿ! ಅದಕ್ಕ ಪೂಲಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಸ್ವಲ್ಪ ಕರೆಂಟ್ ಸೋರಿದ್ರೂ ಲೈನ್ ಕಡಿಯೂ ಸ್ವಿಚ್ಚು) ಹಾಕಿಸ್ರಿ, ಅದರ ಮ್ಯಾಲಿನ ಟೆಸ್ಟ್ ಬಟನ್ ಆಗಾಗ ಒತ್ತಿ ಬೀಳತೈತಿಲ್ಲೋ ನೋಡ್ಕೋತ ಇರ್ರಿ.

ಇನ್ನ ಏಣಿಗೆ ವಾಯರ ಇಲ್ಲ, ಶಾಕ್ ಹೆಂಗ ಅಂತೀರಿ. ನೀರಿನ ವೋಲ್ಟೇಜ್ ಒಂದು, ನೆಲದಾಗ ಹುಗದ ಏಣೀದು ಇನ್ನೊಂದು, ನಡುವ ಸಿಕ್ಕಿದ್ದು ನಿಮ್ಮ ಮೈ. ಎಲ್ಲಾರೂ ಒಂದ ಕಟ್ಟಿ ಮ್ಯಾಲ ಕುಂತ್ರ ಯಾರೂ ಬೀಳಂಗಿಲ್ಲ, ಮ್ಯಾಲ ಕೆಳಗ ಇದ್ರಷ್ಟ ಬೀಳೂದು. ಬಾಂಡಿಂಗ್ ಅಂದ್ರ ಆ ಕಟ್ಟಿ ಸಮ ಮಾಡೂದು. ಏಣಿ, ಹಿಡಿಕಿ, ಪಂಪಿನ ಬಾಡಿ, ಲೈಟಿನ ಫ್ರೇಮ್, ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳು ಎಲ್ಲಾನೂ ದಪ್ಪ ತಾಮ್ರದ ವಾಯರಿನಿಂದ ಒಂದಕ್ಕೊಂದು ಕಟ್ಟಬೇಕು. ನಮ್ಮ ಕಡೆ ಅರ್ಥಿಂಗ್ ಅಂದ್ರ ತಗ್ಗು ತೋಡಿ ಇದ್ದಲಿ-ಉಪ್ಪು ಹಾಕೂದು ಅಷ್ಟ ಗೊತ್ತು, ಇದನ್ನ ಯಾರೂ ಮಾಡಂಗಿಲ್ಲ ನೋಡ್ರಿ. ಟೈಲ್ಸ್ ಕುಂದ್ರಸೂದು ಮುಗದಿದ್ರ ಸರಳು ಸಿಗೂದು ಕಷ್ಟ, ಪೂಲಿನ ಕೆಲಸ ಬಲ್ಲ ಲೈಸೆನ್ಸ್ ಇರೋ ಎಲೆಕ್ಟ್ರಿಶಿಯನ್ನ ಕರಸ್ರಿ.

ನೀರಾಗಿನ ಲೈಟಂತೂ 12 ವೋಲ್ಟಿನದ ಇರಬೇಕು, ಟ್ರಾನ್ಸ್‌ಫಾರ್ಮರ್ ಪೂಲಿಂದ ದೂರ.

ಇನ್ನೊಂದು, ವಾಯರ್‌ಮನ್ ಪಂಪಿನ ಡಬ್ಬಿಯೊಳಗ ನ್ಯೂಟ್ರಲ್ ವಾಯರಿನಿಂದ (ಕರೆಂಟ್ ವಾಪಸ್ ಹೋಗೂ ವಾಯರ್) ಅರ್ಥಿಗೆ ಲೂಪ್ ಕೊಟ್ಟಾನೇನು ತಗಸಿ ನೋಡ್ರಿ. ಇತ್ತಂದ್ರ ನ್ಯೂಟ್ರಲ್ ಕಡಿದ ದಿನ ಪಂಪಿನ ಬಾಡಿಗೆ 230 ವೋಲ್ಟಿನತನಕ ಬರಬಹುದು.