ರಸ್ಟ್‌ನಲ್ಲಿ ಎರರ್ ಬಂದಲ್ಲೆಲ್ಲ ಕ್ಲೋನ್ ಹಾಕುವುದು ತಪ್ಪಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೀರಿ. ಊರಿನ ಹೆಸರಿರುವ ಒಂದು ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ಫಂಕ್ಷನ್‌ಗೆ ಕೊಟ್ಟು, ಮುಂದಿನ ಸಾಲಿನಲ್ಲಿ ಅದನ್ನೇ ಪ್ರಿಂಟ್ ಮಾಡಲು ಹೋದರೆ ಕಂಪೈಲರ್ ಬಿಡುತ್ತಿಲ್ಲ. ಕೊಡುವಾಗ .ಕ್ಲೋನ್() (ನಕಲು ಮಾಡು) ಅಂತ ಸೇರಿಸಿದರೆ ಸುಮ್ಮನಾಗುತ್ತದೆ. ಸಂಖ್ಯೆಗಳಿಗೆ ಇದು ಬೇಡ, ಸ್ಟ್ರಿಂಗ್‌ಗೆ ಮಾತ್ರ ಯಾಕೆ? ಹೀಗೆ ಎಲ್ಲ ಕಡೆ ಹಾಕುತ್ತಾ ಹೋಗುವುದು ತಪ್ಪಾ?

ತಪ್ಪಲ್ಲ. ಕಲಿಯುವ ಹೊತ್ತಿನಲ್ಲಿ ಧಾರಾಳವಾಗಿ ಹಾಕಿ, ಸಂಕೋಚ ಬೇಡ. ಆದರೆ ಹಾಕಿದಾಗ ಏನು ನಡೆಯುತ್ತದೆ ಅನ್ನೋದು ಗೊತ್ತಿರಲಿ. ಅದು ಗೊತ್ತಿರಲಿ ಅಂತಲೇ ರಸ್ಟ್ ಆ ಪದವನ್ನು ನಿಮ್ಮ ಕೈಯಲ್ಲೇ ಬರೆಸುತ್ತದೆ.

"ಹಾಸನ" ಅನ್ನುವ ಒಂದು ಸ್ಟ್ರಿಂಗ್ ತೆಗೆದುಕೊಳ್ಳೋಣ. ಮೆಮೊರಿಯಲ್ಲಿ ಅದು ಎರಡು ಕಡೆ ಇರುತ್ತದೆ. ಅಕ್ಷರಗಳು ಇರುವುದು ಹೀಪ್‌ನಲ್ಲಿ, ಅಂದರೆ ಬೇಕಾದಾಗ ಕೇಳಿ ಪಡೆದು, ಮುಗಿದ ಮೇಲೆ ಬಿಡುಗಡೆ ಮಾಡುವ ಜಾಗದಲ್ಲಿ. ಹ, ಅದರ ದೀರ್ಘದ ಚಿಹ್ನೆ, ಸ, ನ, ಒಟ್ಟು ನಾಲ್ಕು. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಕನ್ನಡದ ಒಂದೊಂದಕ್ಕೂ 3 ಬೈಟ್, ಅಂದರೆ 12 ಬೈಟ್. ಸ್ಟ್ಯಾಕ್‌ನಲ್ಲಿ, ಅಂದರೆ ಫಂಕ್ಷನ್‌ನ ತಾತ್ಕಾಲಿಕ ಜಾಗದಲ್ಲಿ, ಇರುವುದು ಒಂದು ಸಣ್ಣ ಚೀಟಿ ಮಾತ್ರ. ಅಕ್ಷರಗಳು ಎಲ್ಲಿವೆ, ಎಷ್ಟು ಉದ್ದ, ಒಟ್ಟು ಎಷ್ಟು ಜಾಗ ಹಿಡಿದಿದೆ ಅನ್ನುವ ಮೂರು ವಿಷಯ ಅದರಲ್ಲಿರುತ್ತದೆ. 64 ಬಿಟ್ ಕಂಪ್ಯೂಟರಿನಲ್ಲಿ ತಲಾ 8 ಬೈಟ್, ಒಟ್ಟು 24.

ಆ ಸ್ಟ್ರಿಂಗನ್ನು ಫಂಕ್ಷನ್‌ಗೆ ಕೊಟ್ಟಾಗ ಹೋಗುವುದು ಆ 24 ಬೈಟಿನ ಚೀಟಿ ಮಾತ್ರ. ಹೀಪ್‌ನಲ್ಲಿರುವ ಅಕ್ಷರ ಅಲುಗಾಡುವುದಿಲ್ಲ. ಹಾಗಾದರೆ ಹಳೆಯ ವೇರಿಯಬಲ್ ಹೆಸರನ್ನು ಬಳಸಲು ಯಾಕೆ ಬಿಡಬಾರದು? ಸೈಟಿನ ಪತ್ರವನ್ನು ನೆನೆಸಿಕೊಳ್ಳಿ. ಪತ್ರವನ್ನು ಜೆರಾಕ್ಸ್ ಮಾಡಿಸಿದರೆ ಸೈಟು ಎರಡಾಗುವುದಿಲ್ಲ, ಅಲ್ವಾ? ಸೈಟು ಒಂದೇ, ನಮ್ಮದು ಅನ್ನುವವರು ಇಬ್ಬರು. ಇಲ್ಲಿಯೂ ಹಾಗೆಯೇ. ಎರಡು ಚೀಟಿಗಳೂ ಚಾಲ್ತಿಯಲ್ಲಿದ್ದರೆ, ಕೆಲಸ ಮುಗಿದ ಮೇಲೆ ಇಬ್ಬರೂ ಅದೇ 12 ಬೈಟನ್ನು ಬಿಡುಗಡೆ ಮಾಡಲು ಹೋಗುತ್ತಾರೆ. ಇದೇ ಡಬಲ್ ಫ್ರೀ. ಅದನ್ನು ತಪ್ಪಿಸಲು ರಸ್ಟ್ ಪತ್ರವನ್ನು ಕೈ ಬದಲಾಯಿಸುತ್ತದೆ, ಹಳೆಯ ಹೆಸರನ್ನು ರದ್ದು ಮಾಡುತ್ತದೆ. ಕ್ಲೋನ್ ಅಂದರೆ ಅಷ್ಟೇ ಅಳತೆಯ ಇನ್ನೊಂದು ಸೈಟು ಕೊಂಡು, ಅಂಥದ್ದೇ ಮನೆ ಕಟ್ಟಿ, ಹೊಸ ಪತ್ರ ಮಾಡಿಸುವುದು. ಹೀಪ್‌ನಲ್ಲಿ ಹೊಸ ಜಾಗ ಕೇಳಬೇಕು, 12 ಬೈಟನ್ನೂ ನಕಲು ಮಾಡಬೇಕು.

ಐ32 (32 ಬಿಟ್‌ನ ಪೂರ್ಣಾಂಕ) ಸಂಖ್ಯೆಗೆ ಈ ತೊಂದರೆ ಇಲ್ಲ. ನಾಲ್ಕೇ ಬೈಟ್, ಎಲ್ಲವೂ ಅಲ್ಲೇ ಇದೆ, ಬಿಡುಗಡೆ ಮಾಡಬೇಕಾದ್ದು ಏನೂ ಇಲ್ಲ. ಇಂಥ ಟೈಪ್‌ಗಳಿಗೆ ಕಾಪಿ ಅನ್ನುವ ಟ್ರೇಟ್ (ಗುಣ) ಇರುತ್ತದೆ, ನಕಲು ತಾನಾಗಿಯೇ ಆಗುತ್ತದೆ. ಡ್ರಾಪ್ (ಕೆಲಸ ಮುಗಿದಾಗ ಓಡುವ ಬಿಡುಗಡೆಯ ಕೋಡ್) ಬರೆದಿರುವ ಟೈಪ್‌ಗೆ ಕಾಪಿ ಕೊಡಲು ಕಂಪೈಲರ್ ಒಪ್ಪುವುದೇ ಇಲ್ಲ. (ಹಾಗಂತ ಕಾಪಿ ಅಂದರೆ ಯಾವಾಗಲೂ ಅಗ್ಗ ಅಂದುಕೊಳ್ಳಬೇಡಿ. ಹತ್ತು ಲಕ್ಷ ಬೈಟಿನ ಅರೇ ಕೂಡ ಕಾಪಿಯೇ. ಅಂಥದ್ದನ್ನು ಕೈಯಿಂದ ಕೈಗೆ ಕೊಡುವಾಗ ಹುಷಾರು.)

ನಾನು ರಸ್ಟ್‌ಗೆ ಬರುವ ಮೊದಲು ಸಿ++ ಬರೆಯುತ್ತಿದ್ದೆ. ಅಲ್ಲಿ ವೆಕ್ಟರನ್ನು (ಬೆಳೆಯಬಲ್ಲ ಪಟ್ಟಿಯನ್ನು) ಹೆಸರು ಹೇಳಿ ಫಂಕ್ಷನ್‌ಗೆ ಕೊಟ್ಟರೆ, ಪೂರ್ತಿ ನಕಲು ಸದ್ದಿಲ್ಲದೆ ಆಗಿಬಿಡುತ್ತದೆ. ನಕಲು ಬೇಡ ಅಂದರೆ ನಾವೇ ನೆನಪಿಟ್ಟು, ಮೂಲವನ್ನೇ ತೋರಿಸುವ ಚಿಹ್ನೆ & ಹಾಕಬೇಕು. ಮರೆತರೆ ಪ್ರೋಗ್ರಾಂ ಸರಿಯಾಗಿಯೇ ಓಡುತ್ತದೆ, ನಿಧಾನ ಅಷ್ಟೇ. ಅಂಥ ಜಾಗ ಹುಡುಕುವುದು ಕಷ್ಟ, ಯಾಕೆಂದರೆ ಹುಡುಕಬೇಕಾಗಿರುವುದು ಬರೆಯದೆ ಬಿಟ್ಟ ಚಿಹ್ನೆಯನ್ನು. ರಸ್ಟ್ ಇದನ್ನು ತಿರುಗಿಸಿ ಹಾಕಿತು. ಕೈ ಬದಲಾಯಿಸುವುದು ಸದ್ದಿಲ್ಲದೆ ಆಗುತ್ತದೆ, ಹೀಪ್‌ನ ನಕಲಿಗೆ ಮಾತ್ರ ಬರೆದು ಕೇಳಬೇಕು. ನನಗೆ ರಸ್ಟ್ ಇಷ್ಟವಾಗಲು ಇದು ದೊಡ್ಡ ಕಾರಣ.

ಒಮ್ಮೆ ದೊಡ್ಡ ಲಾಗ್ ಫೈಲ್ ಓದುವ ಒಂದು ಪ್ರೋಗ್ರಾಂ ಬರೆದಿದ್ದೆ. ಸೆಟ್ಟಿಂಗ್ಸ್ ಅಂತ ಒಂದು ಸ್ಟ್ರಕ್ಟ್ (ಹಲವು ಮೌಲ್ಯಗಳ ಕಟ್ಟು), ಅದರೊಳಗೆ ಒಂದು ಹ್ಯಾಶ್‌ಮ್ಯಾಪ್ (ಕೀಗೆ ಮೌಲ್ಯ ಜೋಡಿಸುವ ಕೋಷ್ಟಕ) ಮತ್ತು ಸ್ಟ್ರಿಂಗ್‌ಗಳ ಪಟ್ಟಿ. ಪ್ರತಿ ಸಾಲು ಓದಿದಾಗಲೂ ಒಂದು ಫಂಕ್ಷನ್‌ಗೆ ಅದನ್ನು ಕ್ಲೋನ್ ಮಾಡಿ ಕೊಡುತ್ತಿದ್ದೆ. ಬರೆಯುವ ದಿನ ಎರರ್ ಹೋದರೆ ಸಾಕಾಗಿತ್ತು. ಓಡಿಸಿದರೆ ವಿಪರೀತ ನಿಧಾನ. ಪರ್ಫ್ (ಸಮಯ ಎಲ್ಲಿ ಹೋಗುತ್ತದೆ ಅಂತ ತೋರಿಸುವ ಸಾಧನ) ಹಾಕಿ ನೋಡಿದೆ. ಹೊತ್ತೆಲ್ಲ ಹೋಗುತ್ತಿದ್ದದ್ದು ಮ್ಯಾಲಾಕ್, ಫ್ರೀ ಮತ್ತು ಮೆಮ್‌ಕಾಪಿಯಲ್ಲಿ, ಅಂದರೆ ಮೆಮೊರಿ ಕೇಳುವುದು, ಬಿಡುವುದು, ನಕಲು ಮಾಡುವುದರಲ್ಲಿ. ಅದು ಸಹಜವೇ. ಒಂದು ಸಾವಿರ ಸ್ಟ್ರಿಂಗ್‌ಗಳ ವೆಕ್ (ರಸ್ಟ್‌ನ ಪಟ್ಟಿ) ಇದ್ದರೆ ಅದರ ಒಂದು ಕ್ಲೋನ್‌ಗೆ 1,001 ಸಲ ಹೀಪ್‌ನಲ್ಲಿ ಜಾಗ ಕೇಳಬೇಕಾಗುತ್ತದೆ. ಪಟ್ಟಿಗೆ ಒಂದು, ಒಳಗಿನ ಸ್ಟ್ರಿಂಗ್‌ಗಳಿಗೆ ಸಾವಿರ. ಅದು ಲೂಪಿನೊಳಗೆ ಸಾಲಿಗೊಂದು ಸಲ! ಆದರೆ ಎಡಿಟರಿನಲ್ಲಿ "ಕ್ಲೋನ್" ಅಂತ ಹುಡುಕಿದ ತಕ್ಷಣ ಜಾಗ ಸಿಕ್ಕಿತು. ಫಂಕ್ಷನ್‌ಗೆ & ಹಾಕಿ ಮಾಲೀಕತ್ವ ಬಿಟ್ಟುಕೊಡದೆ ಓದಲು ಎರವಲು ಕೊಟ್ಟೆ, ಮುಗಿಯಿತು.

ಇನ್ನೊಂದು ವಿಷಯ ಗಮನಿಸಿ. ಎಲ್ಲ ಕ್ಲೋನ್‌ಗಳ ಬೆಲೆ ಒಂದೇ ಅಲ್ಲ. ಆರ್‌ಸಿ ಮತ್ತು ಆರ್ಕ್‌ಗಳನ್ನು (ಒಂದೇ ಮಾಲನ್ನು ಹಲವರು ಹಂಚಿಕೊಂಡು ಹಿಡಿಯುವ ಟೈಪ್‌ಗಳು) ಕ್ಲೋನ್ ಮಾಡಿದರೆ ಒಳಗಿನ ಮಾಲು ನಕಲಾಗುವುದಿಲ್ಲ. ಎಷ್ಟು ಜನ ಹಿಡಿದಿದ್ದಾರೆ ಅನ್ನುವ ಲೆಕ್ಕ ಒಂದು ಹೆಚ್ಚುತ್ತದೆ, ಅಷ್ಟೇ. ಒಳಗೆ 10 ಎಂಬಿ ಇದ್ದರೂ ಅಷ್ಟೇ ಕೆಲಸ. ಅದಕ್ಕೇ ನಾನು ಇವುಗಳಿಗೆ ಆರ್ಕ್::ಕ್ಲೋನ್(&ಸೆಟ್ಟಿಂಗ್ಸ್) ಅಂತ ಉದ್ದವಾಗಿಯೇ ಬರೆಯುತ್ತೇನೆ. ಓದುವವರಿಗೆ ಇದು ಅಗ್ಗದ ಕ್ಲೋನ್ ಅಂತ ಅಲ್ಲೇ ಗೊತ್ತಾಗುತ್ತದೆ.

ಈಗ ನಿಮ್ಮ ಕೋಡಿಗೆ ಬರೋಣ. ನಿಮಗೆ ಬಂದ ಎರರ್ ಇ0382, ಅಂದರೆ ಕೈ ಬದಲಾದ ಮೌಲ್ಯವನ್ನು ಮತ್ತೆ ಬಳಸಿದ್ದೀರಿ ಅಂತ. ಈಗಿನ ಕಂಪೈಲರ್ ಅದರ ಕೆಳಗೆ ಎರಡು ಮಾತು ಹೇಳುತ್ತದೆ. ಒಂದು ನೋಟ್: ಫಂಕ್ಷನ್‌ಗೆ ಮಾಲೀಕತ್ವ ಬೇಕಿಲ್ಲದಿದ್ದರೆ ಎರವಲು ಪಡೆಯುವಂತೆ ಅದರ ಪ್ಯಾರಾಮೀಟರ್ ಬದಲಿಸಿ. ಇನ್ನೊಂದು ಹೆಲ್ಪ್: ವೇಗಕ್ಕೆ ಬೀಳುವ ಪೆಟ್ಟು ಪರವಾಗಿಲ್ಲ ಅನ್ನಿಸಿದರೆ ಕ್ಲೋನ್ ಮಾಡಿ. ಕ್ಲೋನ್ ಎಲ್ಲಿ ಸೇರಿಸಬೇಕು ಅಂತಲೂ ಅದೇ ತೋರಿಸುವುದರಿಂದ ಹೆಚ್ಚಿನವರು ಎರಡನೆಯದನ್ನೇ ಹಿಡಿಯುತ್ತಾರೆ. ನೀವು ಮೊದಲು ನೋಟ್ ಓದಿ.

ನಿಮ್ಮ ಫಂಕ್ಷನ್ ಊರಿನ ಹೆಸರನ್ನು ಸುಮ್ನೆ ಓದಿ ಉದ್ದ ಲೆಕ್ಕ ಹಾಕುತ್ತದೆ, ಎಲ್ಲೂ ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ಸ್ಟ್ರಿಂಗ್ ಬೇಡ, &ಸ್ಟ್ರ್ (ಎರವಲು ಪಡೆದ ಅಕ್ಷರಗಳು) ಸಾಕು. ಕರೆಯುವಲ್ಲಿ ಕ್ಲೋನ್ ತೆಗೆದು &ಊರು ಅಂತ ಕೊಡಿ. (ರಸ್ಟ್ 1.53ರಿಂದ ವೇರಿಯಬಲ್‌ಗೆ ಕನ್ನಡದಲ್ಲೇ ಹೆಸರಿಡಬಹುದು, ನೋಡಿದ್ದೀರಾ?) ನಾಳೆ ಅದೇ ಫಂಕ್ಷನ್ ಊರಿನ ಹೆಸರನ್ನು ಒಂದು ಸ್ಟ್ರಕ್ಟ್‌ನಲ್ಲಿ ಇಟ್ಟುಕೊಳ್ಳುವ ಹಾಗಾದರೆ ಆಗ ಸ್ಟ್ರಿಂಗನ್ನೇ ಕೇಳಲಿ. ಕೊಟ್ಟ ಮೇಲೂ ನಿಮಗೆ ಹೆಸರು ಬೇಕಿದ್ದರೆ ಕ್ಲೋನ್ ಮಾಡಿ. ಬೇಡವಾದರೆ ಹಾಗೇ ಕೊಟ್ಟುಬಿಡಿ, ಕೊನೆಯ ಸಲ ಕೊಡುವಾಗ ಕ್ಲೋನ್ ಯಾಕೆ? &ಸ್ಟ್ರ್ ಮಾಡಿದ ಮೇಲೆ ಇನ್ನೊಂದು ಅನುಕೂಲವೂ ಸಿಗುತ್ತದೆ. "ಹಾಸನ" ಅಂತ ನೇರವಾಗಿ ಬರೆದು ಕೊಟ್ಟರೂ ಆ ಫಂಕ್ಷನ್ ತೆಗೆದುಕೊಳ್ಳುತ್ತದೆ. ನಿಮ್ಮ ಟೆಸ್ಟ್‌ಗಳಲ್ಲಿ ಈಗಿರುವ .ಟು_ಸ್ಟ್ರಿಂಗ್() ಗಳನ್ನೆಲ್ಲ ಅಳಿಸಬಹುದು.